ಅವ್ವನ ಐದು ಸ್ಟಾರ್

ಗೆಳೆಯರೇ, ಇವತ್ತು ಹುಮನಾಬಾದಿನ ಖಾಸಗಿ ದವಾಖಾನಿಯಿಂದ ಅವ್ವನ ಡಿಸ್ಚಾರ್ಜ್ ಆಯ್ತು. ಪಿತ್ತಕೋಶದಾಗಿನ ಕಲ್ಲು ತೆಗೆದಿದ್ದರು. ಹೊರಡುವಾಗ ಮ್ಯಾನೇಜರ್ ಮೊಬೈಲ್ ಹಿಡಕೊಂಡು ಬಂದರು.

"ಅಮ್ಮಾರ, ನಮ್ಮ ಡಾಕ್ಟರಿಗೆ ಎಷ್ಟು ಸ್ಟಾರ್ ಕೊಡ್ತೀರಿ?"

"ಐದೂ ಶಾಂತಮ್ಮಗ ಕೊಡ್ರಿ" ಅಂದಳು ಅವ್ವ.

ಶಾಂತಮ್ಮ ವಾರ್ಡಿನ ಆಯಾ. ಆಪರೇಷನ್ ಆದ ಮರುದಿನ ಅವ್ವ ಅಂಜಿ ಮಂಚದಿಂದ ಇಳಿಯಲೇ ಇಲ್ಲ. ಹೆಗಲು ಕೊಟ್ಟು ನಡೆಸಿದಾಕಿ ಇವಳೇ.

"ಆಕಿ ಹೆಸರು ಇದರಾಗ ಇಲ್ರಿ. ಹೋಗ್ಲಿ, ಮತ್ತ ಇಲ್ಲಿಗೇ ಬರ್ತೀರಿಲ್ಲ?"

"ಶಾಂತಮ್ಮ ಇದ್ರ ಬರ್ತೀನ್ರಿ."

ಅಲ್ಲೇ ನೆಲ ಒರೆಸುತ್ತಿದ್ದ ಶಾಂತಮ್ಮ ತಲೆ ಎತ್ತಿದಳು. "ಸೋಮವಾರದಿಂದ ನಾ ಬಸವಕಲ್ಯಾಣದ ದವಾಖಾನಿಗೆ ಹೊಂಟೀನ್ರಿ ಅಕ್ಕಾ. ಅಲ್ಲಿ ಕುಂದ್ರಾಕ ಕುರ್ಚಿ ಕೊಡ್ತಾರಂತ."

ಆ ದವಾಖಾನಿ ಬಸ್ ಸ್ಟ್ಯಾಂಡಿನಿಂದ ಎಷ್ಟು ದೂರ ಅಂತ ಅವ್ವ ಮ್ಯಾನೇಜರನ್ನೇ ಕೇಳಿದಳು. ಪಾಪ, ಅವರು ದಾರಿ ಹೇಳಿದರು.