ಓರೆ ಕೊಯ್ದ ಕಡ್ಡಿ

ಮುಳ್ಳೂರಿನ ಶಿವರತ್ನಮ್ಮ ಕೂತು ಉಂಡದ್ದನ್ನು ಕಂಡವರು ಕಡಿಮೆ. ಹುಳುವಿಗೆ ಸೊಪ್ಪು ಹಾಕುವುದು, ಆಳುಗಳಿಗೆ ಮುದ್ದೆ ಕಟ್ಟುವುದು ಎಲ್ಲ ಅವಳೇ; ಊರವರ ಬಾಯಲ್ಲಿ ರೇಷ್ಮೆ ಮಾತ್ರ ಗಂಡ ಕೆಂಪನಂಜಪ್ಪನದು.

1998ರ ಮಳೆಗಾಲದಲ್ಲಿ ಹೊಸ ಹಿಪ್ಪುನೇರಳೆ ನೆಡಲು ಕಡ್ಡಿ ಕೊಯ್ದವಳೂ ಅವಳೇ. ಬುಡದ ತುದಿಯನ್ನು ಓರೆಯಾಗಿ, ತಲೆಯ ತುದಿಯನ್ನು ನೇರವಾಗಿ ಕೊಯ್ಯುವುದು ರೂಢಿ. ನೆಡುವ ಹೆಂಗಸರು ಬಗ್ಗಿದವರು ಕಡ್ಡಿಯನ್ನು ನೋಡುವುದೇ ಇಲ್ಲ. ಓರೆ ಬೆರಳಿಗೆ ತಾಗಿದ ಕಡೆಯನ್ನು ಮಣ್ಣಿಗೆ ಚುಚ್ಚುತ್ತಾ ಸಾಗುತ್ತಾರೆ. ಶಿವರತ್ನಮ್ಮ ಹಿತ್ತಿಲಲ್ಲಿ ಕೊಯ್ಯುತ್ತಿದ್ದಾಗ ಒಲೆಯ ಮೇಲೆ ಎಸರು ಉಕ್ಕಿತು. ಎದ್ದು ಹೋಗಿ ಬಂದವಳು ಅವಸರದಲ್ಲಿ ರಾಶಿಯ ಆಚೆ ಬದಿಗೆ ಕುಳಿತಳು. ಕಡ್ಡಿಗಳ ಬುಡ-ತಲೆ ಅವಳ ಕೈಗೆ ಅದಲುಬದಲಾಗಿ, ಅಲ್ಲಿಂದ ಮುಂದೆ ಓರೆಯೆಲ್ಲ ತಲೆಯ ಕಡೆಗೆ ಬಿತ್ತು. ಅವಳಿಗೆ ಗೊತ್ತಾಗಲಿಲ್ಲ.

ಅರ್ಧ ಹೊಲ ಚಿಗುರಲಿಲ್ಲ. ಕೆಂಪನಂಜಪ್ಪ ಜಗಲಿಯ ಮೇಲೆ, ಜನರ ಎದುರಿಗೇ, ನೆಟ್ಟ ಆಳು ಪುಟ್ಟಮಾದಮ್ಮನನ್ನು ಬೈದ.

"ಕಣ್ಣ ಎಲ್ಲಿ ಮಡಗಿದ್ದಮ್ಮೀ? ತಲೆಕೆಳ್ಗಾಗಿ ನೆಟ್ಟಿದ್ದೀಯಲ್ಲ! ಇನ್ಮೇಲೆ ಈ ಕಡೆ ಕೆಲ್ಸಕ್ಕೆ ಬರ್ಬ್ಯಾಡ."

ಕೊಳ್ಳೇಗಾಲದಲ್ಲಿ ಬಿ.ಎಸ್ಸಿ. ಓದುತ್ತಿದ್ದ ಮಗಳು ಪವಿತ್ರ ವಾರ ಕಳೆದು ಒಂದು ಸಂಜೆ ಹೊಲದಿಂದ ಕಡ್ಡಿ ಕಿತ್ತು ಅಡುಗೆಮನೆಗೆ ತಂದಳು.

"ಅವ್ವ, ಚಿಗುರಿನ ಕಡೆಯಿಂದ ಬುಡಕ್ಕೆ ಒಂದು ಹಾರ್ಮೋನು ಇಳೀತದೆ. ಬುಡದಲ್ಲಿ ಅದು ಗುಡ್ಡೆ ಆದ್ರೇನೇ ಬೇರು ಬಿಡ್ಸೋ ಜೀನುಗಳು ಎಚ್ಚರಾಗೋದು. ಬುಡ ಬಿಸ್ಲಲ್ಲಿ ನಿಂತ್ರೆ ಬೇರು ಎಲ್ಲಿಂದ ಬರ್ಬೇಕು? ನೋಡು, ಓರೆ ತಲೆ ಕಡೆಗದೆ. ಕೊಯ್ದೋರ ತಪ್ಪು, ಪುಟ್ಟಮಾದಮ್ಮಂದಲ್ಲ."

ಹಿಟ್ಟು ನಾದುತ್ತಿದ್ದ ಶಿವರತ್ನಮ್ಮನ ಕೈ ನಿಂತಿತು. ಬೈಗುಳ ಬೀಳುತ್ತಿದ್ದಾಗ ಬಾಗಿಲ ಮರೆಯಲ್ಲಿ ನಿಂತು, ಸದ್ಯ ತನ್ನ ಮೇಲಲ್ಲ ಅಂದುಕೊಂಡಿದ್ದಳು. ಅದು ನೆನಪಾಗಿ ಮಗಳ ಮುಖ ನೋಡಲಾಗಲಿಲ್ಲ.

ಮರುದಿನ ಪುಟ್ಟಮಾದಮ್ಮನ ಮನೆಗೆ ಹೋದಳು. "ತಪ್ಪು ನಂದು ಕಣಮ್ಮಿ. ಕಡ್ಡಿ ಕೊಯ್ದೋಳು ನಾನು."

ಪುಟ್ಟಮಾದಮ್ಮ ಮೊರ ಕೊಡವುತ್ತಲೇ ಅಂದಳು: "ನನ್ ಕಿವೀಲಿ ಯೋಳುದ್ರೆ ಏನ್ ಬಂತು ಅವ್ವಾರೆ? ಕುಂತೂರ್ ಕಡೆ ಕಬ್ಬು ಕಡ್ಯಾಕೂ ಕರೀತಿಲ್ಲ, ಕುರುಡಿ ಅಂತಾವ್ರೆ. ಬೈದದ್ದು ಜಗಲೀಲಿ. ಅಲ್ಲೇ ಯೋಳಿ."

ಸಂಜೆ ಜಗಲಿಯಲ್ಲಿ ಅದೇ ಜನ ಕೂತಿದ್ದರು. ಶಿವರತ್ನಮ್ಮ ಕಾಫಿ ಲೋಟ ಇಡುತ್ತ, ತಲೆ ಎತ್ತದೆ ಹೇಳಿದಳು: "ಕಡ್ಡಿ ತಪ್ಪಾಗಿ ಕೊಯ್ದದ್ದು ನಾನು. ಪುಟ್ಟಮಾದಮ್ಮ ಸರ್ಯಾಗೇ ನೆಟ್ಟವ್ಳೆ."

ಕೆಂಪನಂಜಪ್ಪ ನಕ್ಕ. "ಓಗ್ಲಿ ಬುಡು. ಒಲೆ ಮುಂದೆ ಬೇಯೋಳ್ಗೆ ಇವೆಲ್ಲ ಆಯ್ತವೆ."

ಅಷ್ಟು ಸಲೀಸಾಗಿ ಸಿಕ್ಕ ಮಾಫಿಗೆ ಅವಳ ಮುಖ ಕಿವಿಯವರೆಗೂ ಸುಟ್ಟಿತು. ಖಾಲಿ ತಟ್ಟೆಯನ್ನು ಎದೆಗವಚಿಕೊಂಡು ಅಲ್ಲೇ ನಿಂತಳು.

"ತಪ್ಪು ಪುಟ್ಟಮಾದಮ್ಮಂದಲ್ಲ ಅನ್ನೋ ಮಾತ್ನ ಅವಳ ಮನೆ ಬಾಗ್ಲಲ್ಲಿ ನಿಂತು ಯೋಳಿ. ನಾನೂ ಬತ್ತೀನಿ."

ಯಾರೂ ಲೋಟ ಎತ್ತಿಕೊಳ್ಳಲಿಲ್ಲ.