ಮಗಳ ಜಡೆ, ನನ್ನ ಹರಕೆ

ನನ್ನ ಮಗಳಿಗೆ ಕೀಮೋ ಮುಗಿಯಿತು! ಇನ್ನು ತಪಾಸಣೆಗೆ ಮಾತ್ರ ಬಂದರೆ ಸಾಕು ಎಂದರು ಡಾಕ್ಟರು. ತುಮಕೂರಿನ ಆಸ್ಪತ್ರೆಯಿಂದ ಗುಬ್ಬಿಯ ಮನೆಗೆ ಬರುವಷ್ಟರಲ್ಲಿ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರಿಗೂ ಹೇಳಿಬಿಟ್ಟೆ. "ಕೂದ್ಲೂ ಉಳ್ಕೊಂಡೈತೆ, ನೋಡಿ" ಎಂದು ಅವಳ ಜಡೆ ಎತ್ತಿ ತೋರಿಸಿದೆ. ತೆಳ್ಳಗಾಗಿದ್ದ ಆ ಜಡೆ ಕೈಗೆ ಸಿಕ್ಕಿದ್ದೇ ತಡ, ನಾನು ಹೊತ್ತ ಹರಕೆ ನೆನಪಾಯಿತು.

ಆ ಕೂದಲು ಸುಮ್ಮನೆ ಉಳಿದದ್ದಲ್ಲ. ಔಷಧಿ ಏರಿಸುವ ಮುಂಚೆ, ಏರಿಸುವಾಗ, ಮುಗಿದ ಮೇಲೂ ಅವಳ ತಲೆಗೆ ಮಂಜಿನಂಥ ಟೋಪಿ ಬಿಗಿಯುತ್ತಿದ್ದರು. ತಲೆ ತಣ್ಣಗಿದ್ದರೆ ಕೂದಲ ಬೇರಿಗೆ ರಕ್ತ ಕಡಿಮೆ ಹೋಗುತ್ತದೆ, ಔಷಧಿಯೂ ಕಡಿಮೆ ತಾಗುತ್ತದೆ ಎಂದಿದ್ದರು ನರ್ಸಮ್ಮ. ಎಲ್ಲರಿಗೂ ಉಳಿಯುತ್ತದೆ ಎಂದು ಮಾತ್ರ ಮಾತು ಕೊಟ್ಟಿರಲಿಲ್ಲ. ಮಗಳು ಕಂಬಳಿ ಹೊದ್ದು ಹಲ್ಲು ಕಟಕಟಿಸುತ್ತಾ ಕೂರುತ್ತಿದ್ದಳು.

"ಟೋಪಿ ತೆಗ್ಸುಬುಡೇ, ಕೂದ್ಲು ಆಮೇಲೆ ಬೆಳೀತದೆ" ಎಂದು ನಾನೆಂದರೆ, "ನನ್ ಮಗ್ಳು ನನ್ನ ನೋಡಿ ಹೆದರ್ಕೋಬಾರ್ದು ಕಣವ್ವ" ಎನ್ನುವಳು.

ಅಂಥದೇ ಒಂದು ದಿನ ಹೊರಗಿನ ಬೆಂಚಿನಲ್ಲಿ ಕೂತು, ಯಡಿಯೂರಿನ ಸ್ವಾಮಿಗೆ ಕೈ ಮುಗಿದು, ಮಗಳು ಗುಣವಾದರೆ ಅವಳ ಮುಡಿ ಕೊಡಿಸುತ್ತೇನೆ ಎಂದು ಹರಕೆ ಹೊತ್ತಿದ್ದೆ. ತುದಿಯ ನಾಲ್ಕು ಎಳೆ ಕತ್ತರಿಸುವ ಹೂಮುಡಿ ಎನ್ನಬಹುದಿತ್ತು. ಗಾಬರಿಯಲ್ಲಿ ಪೂರ್ತಿ ಮುಡಿ ಎಂದುಬಿಟ್ಟೆ. ಒಳಗೆ ಅವಳು ನಡುಗುತ್ತಾ ಉಳಿಸಿಕೊಳ್ಳುತ್ತಿದ್ದುದನ್ನು ಹೊರಗೆ ಕೂತು ನಾನು ಕೊಟ್ಟುಬಿಟ್ಟಿದ್ದೆ.

ಸಂಜೆ ಮೊಮ್ಮಗಳು ಅಮ್ಮನ ತಲೆ ಬಾಚುತ್ತಾ ಕೂತಿದ್ದಳು. ನೋಡಲಾಗಲಿಲ್ಲ, ಹರಕೆಯ ವಿಷಯ ಹೇಳಿಬಿಟ್ಟೆ.

ಮಗಳು ಜಡೆಯನ್ನು ಮುಂದಕ್ಕೆಳೆದು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನನ್ ತಲೆ ನನ್ನ ಕೇಳ್ದೆ ಕೊಟ್ಬುಟ್ಯಾ?"

"ನಂದೇ ಕೊಡ್ತೀನಿ ಕಣವ್ವ. ಸ್ವಾಮಿ ಒಪ್ಕೊಳಲ್ವಾ?"

"ಅತ್ತೆ, ನಿಮ್ ತಲೇಲಿ ಕೊಡಕ್ ಏನೈತೆ?" ಎಂದ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಳಿಯ.

ಮಗಳಿಗೆ ನಗು ತಡೆಯಲಾಗಲಿಲ್ಲ. "ಪೂರ್ತಿ ಅಂದೋಳು ನೀನು, ನೀನ್ ಪೂರ್ತಿ ಕೊಡು. ನಾನು ಹೂಮುಡಿ ಕೊಡ್ತೀನಿ. ಸ್ವಾಮಿ ಇಬ್ರುದೂ ಸೇರ್ಸ್ಕೊಳ್ಳಿ." ಆದರೂ ಜಡೆ ಹಿಡಿದ ಕೈ ಮಾತ್ರ ಸಡಿಲವಾಗಲಿಲ್ಲ.

ಆಮೇಲೆ ಎಲ್ಲರೂ ಒಟ್ಟಿಗೆ ಮುದ್ದೆ, ಅವರೆಕಾಳಿನ ಸಾರು ಉಣ್ಣಲು ಕೂತೆವು. ಮೊಮ್ಮಗಳು ಸಾರಿನಿಂದ ಉದ್ದನೆಯ ಕೂದಲೊಂದನ್ನು ಎತ್ತಿ, "ಅಮ್ಮಂದು!" ಎಂದಳು. ಬೇರೆ ದಿನವಾಗಿದ್ದರೆ ಬೈಯುತ್ತಿದ್ದೆ. ಎಲ್ಲರೂ ನಕ್ಕರು. ನಾನು ತಲೆ ಬಗ್ಗಿಸಿಕೊಂಡು ಮುದ್ದೆ ಮುರಿಯುತ್ತಿದ್ದೆ.

"ಉಣ್ಣವ್ವ, ಆರೋಗ್ತದೆ" ಎನ್ನುತ್ತಾ ಮಗಳು ನನ್ನ ತಟ್ಟೆಗೆ ತುಪ್ಪ ಬಡಿಸಿದಳು.