ಪರವಾನಗಿಯಿಲ್ಲದ ದನಿ

ಕೊಡಿಗೇಹಳ್ಳಿಯ ಶಶಿರೇಖಾ ಹಿಟ್ಟಿನ ಗಿರಣಿ ನಡೆಸುವವಳು. ಗಿರಣಿ ಓಡುವಾಗ ಎದುರಿಗೆ ನಿಂತು ಕೂಗಿದರೂ ಮಾತು ಕೇಳುವುದಿಲ್ಲ. ರಾಗಿ ತಂದವರು ಬೆರಳು ಉಜ್ಜಿ ನುಣ್ಣಗೆ ಬೇಕೆಂದು ತೋರಿಸುತ್ತಾರೆ, ಅಕ್ಕಿ ತಂದವರು ಚಿಟಿಕೆ ಮಾಡಿ ತರಿ ಬೇಕೆನ್ನುತ್ತಾರೆ. ಸಂಜೆ ಮನೆಗೆ ಬಂದರೆ ಅತ್ತೆ, ಇಬ್ಬರು ನಾದಿನಿಯರು, ಟಿ.ವಿ. ಮತ್ತು ಗಂಡ ವಾಸು ಒಟ್ಟಿಗೇ ಮಾತಾಡುತ್ತಿರುತ್ತಾರೆ. ಮದುವೆಯಾದಂದಿನಿಂದ ಆ ಮನೆಯಲ್ಲಿ ಅವಳ ಒಂದು ವಾಕ್ಯವೂ ಕ್ರಿಯಾಪದದವರೆಗೆ ತಲುಪಿದ್ದಿಲ್ಲ.

ಅಂಥವಳ ಕೈಗೆ ರೇಡಿಯೊ ಬಂತು. ತಂದವನು ವಾಸುವೇ. ಹವ್ಯಾಸಕ್ಕೆಂದು ರೇಡಿಯೊ ಇಟ್ಟುಕೊಂಡು ಊರೂರಿನವರ ಜೊತೆ ಗಾಳಿಯಲ್ಲಿ ಮಾತಾಡುವ ಹ್ಯಾಮ್‌ಗಳ ವಿಷಯ ಅವನ ಕಿವಿಗೆ ಬಿದ್ದಿತ್ತು. ಮಾತೆಂದರೆ ಪ್ರಾಣ ಬಿಡುವ ಮನುಷ್ಯ. ಸರ್ಕಾರದ ಪರೀಕ್ಷೆಗೆ ಅರ್ಜಿ ಹಾಕಿದ. "ಒಬ್ನೇ ಹೋಗೋಕೆ ಬೇಜಾರು ಕಣೇ, ನೀನೂ ಒಂದು ಅರ್ಜಿ ತುಂಬು" ಅಂದ. ಅವಳು ಪಾಸಾದಳು, ಅವನು ಫೇಲಾದ. ಇನ್ನೊಮ್ಮೆ ಕಟ್ಟಿ ಇನ್ನೊಮ್ಮೆ ಫೇಲಾದ. ಲೈಸೆನ್ಸ್ ಇಲ್ಲದವನು ಕೇಳಿಸಿಕೊಳ್ಳಬಹುದು, ಮಾತಾಡುವಂತಿಲ್ಲ. ವಾಸುವಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ನ್ಯಾಯಾಲಯವೂ ಯೋಚಿಸಿ ಕೊಡಲಾರದು.

ಶಶಿರೇಖಾಳಿಗೆ ಸಿಕ್ಕಿದ್ದು ಬೇರೆಯೇ ಲೋಕ. ಉತ್ತರ ಬೆಂಗಳೂರಿನ ಹ್ಯಾಮ್‌ಗಳು ದಿನಾ ಬೆಳಿಗ್ಗೆ ಒಂದೇ ಅಲೆಯ ಮೇಲೆ ಸೇರುತ್ತಾರೆ. ಅದಕ್ಕೆ ನೆಟ್ ಎಂದು ಹೆಸರು. ನೆಟ್ ನಡೆಸುವವರು ಕಂಟ್ರೋಲ್. ಕಂಟ್ರೋಲ್ ಕರೆದವರು ಮಾತಾಡಬೇಕು, ಮುಗಿದಾಗ ಓವರ್ ಅನ್ನಬೇಕು, ಅಲ್ಲಿಯವರೆಗೆ ಮಿಕ್ಕವರು ಬಾಯಿ ತೆಗೆಯುವಂತಿಲ್ಲ. ಮೊದಲ ಸಲ ಪೂರ್ತಿ ವಾಕ್ಯ ಹೇಳಿ ಮುಗಿಸಿದ ದಿನ, ಮುಂದೇನು ಮಾಡಬೇಕೆಂದು ತೋಚದೆ ಅವಳು ಮಾತಾಡುವಾಗ ಒತ್ತುವ ಗುಂಡಿಯನ್ನು ಸುಮ್ಮನೆ ಒತ್ತಿಕೊಂಡೇ ಕೂತಿದ್ದಳು.

ಆ ನೆಟ್‌ನ ಕಂಟ್ರೋಲ್ ಆಗಿದ್ದವರು ಯಲಹಂಕದ ಬ್ಯಾಟರಾಯಪ್ಪನವರು, ಎಲ್ಲರಿಗಿಂತ ಹಿರಿಯರು. ಗಂಟಲಿನ ಆಪರೇಷನ್ ಆದ ಮೇಲೆ "ಸ್ವಲ್ಪ ದಿನ ನೋಡ್ಕೊಳಮ್ಮ" ಎಂದು ಅವಳಿಗೆ ವಹಿಸಿದ್ದರು. ಗಂಟಲು ವಾಸಿಯಾಯಿತು. ಸ್ವಲ್ಪ ದಿನ ಮುಗಿಯಿತೋ ಇಲ್ಲವೋ ಎಂಬುದು ಮಾತ್ರ ಇತ್ಯರ್ಥವಾಗಲಿಲ್ಲ. ಕೊನೆಗೆ ಎರಡು ಸಾವಿರದ ಹದಿನೈದರ ಏಪ್ರಿಲ್‌ನಲ್ಲಿ, ಕೊಡಿಗೇಹಳ್ಳಿಯ ಛತ್ರದಲ್ಲಿ ಹ್ಯಾಮ್‌ಗಳ ಪ್ರಾದೇಶಿಕ ಮೇಳ ನಡೆಸುವುದೆಂದೂ, ಅಂದಿನ ಅಣಕು ಕಾರ್ಯಾಚರಣೆಯನ್ನು ಶಶಿರೇಖಾಳೇ ನಡೆಸುವುದೆಂದೂ, ತಪ್ಪಿಲ್ಲದೆ ನಡೆದರೆ ಕಂಟ್ರೋಲ್ ಕುರ್ಚಿ ಅವಳದೇ, ಇಲ್ಲದಿದ್ದರೆ ಬ್ಯಾಟರಾಯಪ್ಪನವರಿಗೆ ವಾಪಸ್ಸೆಂದೂ ತೀರ್ಮಾನವಾಯಿತು.

ಕಾರ್ಯಾಚರಣೆಯ ನಿಯಮಗಳು ಸರಳವಾಗಿದ್ದವು. ಬೆಂಗಳೂರಿನಲ್ಲಿ ಭೂಕಂಪವಾಗಿದೆ ಎಂದುಕೊಳ್ಳಬೇಕು. ಮೊಬೈಲುಗಳು ಸತ್ತಿವೆ ಎಂದುಕೊಳ್ಳಬೇಕು. ಬರೀ ಅಂದುಕೊಂಡರೆ ಸಾಲದೆಂದು ಎಲ್ಲರ ಮೊಬೈಲನ್ನೂ ಛತ್ರದ ಅನ್ನದ ಕೊಪ್ಪರಿಗೆಯಲ್ಲಿ ಹಾಕಿ ಮುಚ್ಚಳ ಮುಚ್ಚಿದರು. ಪ್ರತಿ ಸಂದೇಶಕ್ಕೂ ಮುಂಚೆ ಮೂರು ಸಲ "ಅಭ್ಯಾಸ" ಎನ್ನಬೇಕು, ಕೇಳಿದವರು ನಿಜವೆಂದು ಗಾಬರಿಯಾಗಬಾರದಲ್ಲ. ಏನೇ ಆದರೂ ಕಂಟ್ರೋಲ್ ಕುರ್ಚಿ ಬಿಟ್ಟು ಏಳಬಾರದು.

ಛತ್ರದ ವೇದಿಕೆ ಮೇಲೆ ವಧೂವರರು ಕೂರುವ ಕೆಂಪು ಸಿಂಹಾಸನವೊಂದೇ ಇದ್ದದ್ದರಿಂದ ಶಶಿರೇಖಾ ಅದರಲ್ಲೇ ಕೂತಳು. ಪಕ್ಕದ ವರನ ಜಾಗದಲ್ಲಿ ಮುಖ್ಯ ಅತಿಥಿ ಪಂಚಪ್ಪನವರು. ರೇಡಿಯೊ ಲೈಸೆನ್ಸಿನ ಕಚೇರಿಯವರು. ಮಿತಭಾಷಿ, ದಪ್ಪ ಕನ್ನಡಕ.

ವಾಸು ಬೆಳಿಗ್ಗೆಯೇ ಟೆರೇಸಿಗೆ ಹೋಗಿದ್ದ. ಹೆಂಡತಿಯ ಆಂಟೆನಾ ಗಾಳಿಗೆ ವಾಲದಂತೆ ಹಗ್ಗ ಬಿಗಿಯುವುದು ಅವನ ಕೆಲಸ. ಅವಳು ತನ್ನ ಇನ್ನೊಂದು ವಾಕಿಟಾಕಿಯನ್ನು ಅವನ ಕೊರಳಿಗೆ ಹಾಕಿ, "ಸರಿಯಾಗಿ ಕೇಳ್ತಿದೆಯಾ ನೋಡಿ, ಅಷ್ಟೇ. ಒತ್ತಬೇಡಿ" ಎಂದು ಕಳಿಸಿದ್ದಳು. ಚಪ್ಪಲಿಯನ್ನು ಅವನು ಛತ್ರದ ಬಾಗಿಲಲ್ಲೇ ಬಿಟ್ಟಿದ್ದ.

ಕಾರ್ಯಾಚರಣೆ ಚೆನ್ನಾಗಿಯೇ ಶುರುವಾಯಿತು. ಹೆಬ್ಬಾಳದಲ್ಲಿ ಮೇಲ್ಸೇತುವೆ ಕುಸಿಯಿತು, ಯಶವಂತಪುರದಲ್ಲಿ ಔಷಧ ಮುಗಿಯಿತು, ಎಲ್ಲವೂ ಅಭ್ಯಾಸ. ಅಷ್ಟರಲ್ಲಿ ಸ್ಪೀಕರಿನಲ್ಲಿ ಒಂದು ಹೊಸ ದನಿ.

"ಅಭ್ಯಾಸ, ಅಭ್ಯಾಸ, ಅಭ್ಯಾಸ. ಕಂಟ್ರೋಲ್ ಮೇಡಂ ಅವರಿಗೆ ನಮಸ್ಕಾರ. ಒಬ್ಬ ಮನುಷ್ಯ ಬಾಗಿಲು ಹಾಕ್ಕೊಂಡು, ಅಂದ್ರೆ ಅವನು ಹಾಕ್ಕೊಂಡಿಲ್ಲ, ಇನ್ಯಾರೋ ಹಾಕ್ಕೊಂಡೋಗಿದಾರೆ, ಸಿಕ್ಕಾಕ್ಕೊಂಡಿದಾನೆ. ಓವರ್."

ಸಭೆ ಚಪ್ಪಾಳೆ ತಟ್ಟಿತು. ಶಶಿರೇಖಾ ಮಾತ್ರ ಸಿಂಹಾಸನದ ತೋಳು ಹಿಡಿದುಕೊಂಡಳು. ಆ ದನಿಯನ್ನು ಅವಳು ಗಿರಣಿಯ ಸದ್ದಿನಲ್ಲೂ ಗುರುತಿಸಬಲ್ಲಳು. ನೆಟ್‌ನಲ್ಲಿ ಬೇರೆ ಯಾರೂ ಅದನ್ನು ಕೇಳಿದ್ದಿಲ್ಲ.

ಪಂಚಪ್ಪನವರು ಕನ್ನಡಕ ಮೇಲೇರಿಸಿದರು. "ಕಾಲ್ ಸೈನ್ ಹೇಳ್ಲಿಲ್ವಲ್ಲ?"

ಕಾಲ್ ಸೈನ್ ಅಂದರೆ ಲೈಸೆನ್ಸಿನ ಜೊತೆ ಸಿಗುವ ಗುರುತು. ಅದಿಲ್ಲದೆ ಮಾತಾಡುವವನು ಕಳ್ಳ ಸ್ಟೇಷನ್. ಶಶಿರೇಖಾಳಿಗೆ ಬೇರೆ ದಾರಿ ಇರಲಿಲ್ಲ.

"ನಿಮ್ಮ ಕಾಲ್ ಸೈನ್ ಹೇಳಿ. ಓವರ್."

"ಇಲ್ಲ ಮೇಡಂ. ಎರಡ್ ಸಲ ಫೇಲು. ಓವರ್."

ಛತ್ರವೆಲ್ಲ ಎದ್ದು ನಿಂತಿತು. ಕಳ್ಳ! ಮೇಳದಲ್ಲಿ, ಅದೂ ಲೈಸೆನ್ಸ್ ಕೊಡುವ ಸಾಹೇಬರ ಎದುರಿಗೆ! ಮಧ್ಯಾಹ್ನ ಅಡಗಿಸಿಟ್ಟ ರೇಡಿಯೊ ಹುಡುಕುವ ಸ್ಪರ್ಧೆ ಇದ್ದದ್ದರಿಂದ, ಮೀನಿನ ಮುಳ್ಳಿನಂಥ ದಿಕ್ಕು ಹುಡುಕುವ ಆಂಟೆನಾಗಳು ಎಲ್ಲರ ಬಳಿಯೂ ತಯಾರಿದ್ದವು. ಆರ್.ಟಿ. ನಗರದ ಮನ್ಸೂರ್ ಬೈಕಿನ ಕೀಲಿ ಗಿರಗಿರ ತಿರುಗಿಸುತ್ತಾ, "ಈಗ್ಲೇ ಹೋಗಣ ಗುರು, ಊಟದೊಳಗೆ ಹಿಡ್ಕೊಂಡ್ ಬರ್ತೀನಿ" ಅಂದ. ಆಂಟೆನಾ ಹಿಡಿದುಕೊಳ್ಳಲು ಹಿಂದೊಬ್ಬರು ಬೇಕಲ್ಲ, ಛತ್ರದ ವಾಚ್‌ಮನ್ ಮುನಿಆಂಜಿನಪ್ಪ ಕರೆಯುವ ಮೊದಲೇ ಹತ್ತಿ ಕೂತ. ಬೈಕುಗಳು ಗುರುಗುಟ್ಟುತ್ತಾ ವಿಮಾನ ನಿಲ್ದಾಣದ ರಸ್ತೆಯ ಕಡೆ ಹೊರಟವು.

ಛತ್ರದಲ್ಲಿ ಉಳಿದವರು ಬ್ಯಾಟರಾಯಪ್ಪನವರು, ಪಂಚಪ್ಪನವರು, ಕೆಲವು ಹಿರಿಯರು. ಬ್ಯಾಟರಾಯಪ್ಪನವರು ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ, "ನಮ್ ಕಾಲದಲ್ಲಿ ನೆಟ್ಟಿಗೆ ಕಳ್ಳ ಬಂದಿದ್ದಿಲ್ಲ" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದರು.

ಸ್ಪೀಕರ್ ಮತ್ತೆ ಮಾತಾಡಿತು. "ಅಭ್ಯಾಸ, ಅಭ್ಯಾಸ, ಅಭ್ಯಾಸ. ಕಾಲ್ ಸುಡ್ತಾ ಇದೆ ಮೇಡಂ. ಟ್ಯಾಂಕ್ ಕೆಳಗೆ ಚೂರು ನೆರಳಿತ್ತು, ಅದೂ ಈಗ ಜರುಗ್ತಾ ಇದೆ. ಓವರ್."

ತಾನು ಎಲ್ಲಿದ್ದೇನೆ ಎಂದು ಮಾತ್ರ ಅವನು ಹೇಳುತ್ತಿರಲಿಲ್ಲ. ಹೇಳಿದರೆ ಹೆಂಡತಿಯ ರೇಡಿಯೊ ಸೆಟ್ಟು, ಹೆಂಡತಿಯ ಕುರ್ಚಿ, ಎರಡೂ ಹೋಗುತ್ತವೆಂದು ಅವನಿಗೆ ಗೊತ್ತಿತ್ತು. ಅವನು ಗುಟ್ಟು ಕಾಪಾಡುತ್ತಿದ್ದ. ಬಾಯಿ ಮುಚ್ಚಲು ಮಾತ್ರ ಆಗುತ್ತಿರಲಿಲ್ಲ.

ಊಟದ ಮೇಲ್ವಿಚಾರಣೆಗೆ ಓಡಾಡುತ್ತಿದ್ದ ಛತ್ರದ ಯಜಮಾನಿ ನಾಗಲಕ್ಷ್ಮಿಯನ್ನು ಶಶಿರೇಖಾ ಕಣ್ಣಿನಲ್ಲೇ ಕರೆದಳು.

"ಅಕ್ಕ, ಟೆರೇಸ್ ಬಾಗಿಲು ಒಂಚೂರು ತೆಗೆಸ್ತೀರಾ?"

"ಬೀಗ ಆಕೈತೆ ಕಣಮ್ಮ. ಮಕ್ಕಳು ಅತ್ತಿ ಬಿದ್ದಾವು ಅಂತ ಮುನಿಆಂಜಿನಪ್ಪನ್ಗೆ ನಾನೇ ಆಕ್ಸಿದ್ದು."

"ಬೀಗದ ಕೈ?"

"ಅವನ್ ಸೊಂಟದಾಗೇ ಐತೆ. ಕಳ್ಳನ್ನ ಇಡ್ಯಕ್ಕೆ ಓಗವ್ನಲ್ಲ."

ಕಳ್ಳನನ್ನು ಬಿಡಿಸುವ ಕೀಲಿಕೈ ಕಳ್ಳನನ್ನು ಹುಡುಕಿಕೊಂಡು ಬೈಕಿನ ಮೇಲೆ ಹೋಗಿತ್ತು. ಅಡುಗೆಮನೆ ಪಕ್ಕದ ಜನರೇಟರಿನ ಅಬ್ಬರದಲ್ಲಿ ಮೇಲಿನಿಂದ ಯಾರು ಕೂಗಿದರೂ ಕೆಳಗೆ ಕೇಳುವಂತಿರಲಿಲ್ಲ.

"ಅಭ್ಯಾಸ, ಅಭ್ಯಾಸ, ಅಭ್ಯಾಸ. ಕಂಟ್ರೋಲ್, ಮನ್ಸೂರ್ ಇಲ್ಲಿ," ಎಂದಿತು ಸ್ಪೀಕರ್. ಎಲ್ಲಕ್ಕಿಂತ ಮೊದಲು ಕಾಲ್ ಸೈನ್ ಹೇಳಿ ಮುಗಿಸಿದ್ದ, ಅದು ಅವನ ಶಿಸ್ತು. "ಕೆಂಪಾಪುರದಲ್ಲಿದೀವಿ. ಆಂಟೆನಾ ನಿಮ್ ಛತ್ರದ ಕಡೆನೇ ತೋರಿಸ್ತಿದೆ. ಓವರ್."

ಶಶಿರೇಖಾ ಮೈಕಿಗೆ ಕೈ ಹಾಕಿದಳು. ಅವಳು ಗುಂಡಿ ಒತ್ತುವ ಮೊದಲೇ ಬ್ಯಾಟರಾಯಪ್ಪನವರು ತಮ್ಮ ಸೆಟ್ಟು ಎತ್ತಿದರು. "ಅದು ಕಂಟ್ರೋಲ್ ಆಂಟೆನಾ ಕಣಯ್ಯಾ! ಅದನ್ನೇ ಹಿಡ್ಕೊಂಡು ಬರ್ತೀಯಾ? ಛತ್ರ ಬಿಟ್ಟು ಬೇರೆ ದಿಕ್ಕು ನೋಡು. ಓವರ್."

"ಬೇರೆ ದಿಕ್ಕಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಇದೆ ಸಾರ್. ಅಲ್ಲಿಂದ್ಲೂ ಸ್ವಲ್ಪ ಬರ್ತಿದೆ."

"ಅಲ್ಲೇ ಇರ್ತಾನೆ. ನುಗ್ಗಿ!"

ಗೋಡೆಗೆ ಬಡಿದ ಚೆಂಡಿನ ಹಾಗೆ ರೇಡಿಯೊ ಅಲೆಯೂ ಕಟ್ಟಡಕ್ಕೆ ಬಡಿದು ವಾಪಸ್ಸು ಬರುತ್ತದೆ ಎಂಬುದು ಬ್ಯಾಟರಾಯಪ್ಪನವರಿಗೆ ಗೊತ್ತಿಲ್ಲದ್ದಲ್ಲ. ಅವರು ಉತ್ಸಾಹದಲ್ಲಿದ್ದರು. ಹೀಗಾಗಿ ಒಂದು ತಂಡ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನ ಹತ್ತಿರ ಭೂಕಂಪದ ವಿಷಯ ವಿವರಿಸುತ್ತಾ ನಿಂತಿತು. ಇನ್ನೊಂದು ತಂಡ ಟಿ. ದಾಸರಹಳ್ಳಿಯವರೆಗೆ ಹೋಗಿ, ಬಿಸಿಲಿಗೆ ಎಳನೀರು ಕುಡಿಯುತ್ತಾ, ಅಲ್ಲಿ ಕಳ್ಳನ ದನಿ ಕೇಳಿಸುತ್ತಲೇ ಇಲ್ಲವಾದ್ದರಿಂದ ಅವನು ಬಹಳ ಚಾಲಾಕಿ ಎಂದು ವರದಿ ಮಾಡಿತು.

"ಪಾಪ, ಸುತ್ತಾಡಿಸ್ಬೇಡಿ ಮೇಡಂ ಅವ್ರನ್ನ," ಎಂದಿತು ಟೆರೇಸಿನ ದನಿ. ಈ ಸಲ ಅಭ್ಯಾಸ ಎನ್ನುವುದನ್ನೂ ಮರೆತಿತ್ತು, ಓವರ್ ಎನ್ನುವುದನ್ನೂ. ಆಮೇಲೆ ಬಂದದ್ದು ಮಾತಲ್ಲ, ಬಿಸಿ ಕಾವಲಿಯ ಮೇಲೆ ನಿಂತವನು ಕಾಲು ಬದಲಿಸುವಾಗ ಹಲ್ಲಿನ ಸಂದಿಯಿಂದ ಹೊರಡುವ ಉಸಿರು.

ಶಶಿರೇಖಾ ಅದನ್ನು ಕೇಳಿದಳು. ಪಕ್ಕದಲ್ಲಿ ಪಂಚಪ್ಪನವರಿದ್ದರು, ಎದುರಿಗೆ ಬ್ಯಾಟರಾಯಪ್ಪನವರಿದ್ದರು. ದಿನಾ ಬೆಳಗಿನ ನೆಟ್‌ನ ಆ ಅರ್ಧ ಗಂಟೆಯೂ ಅವಳ ಕಣ್ಣ ಮುಂದಿತ್ತು: ಒಬ್ಬೊಬ್ಬರನ್ನೇ ಕರೆಯುವುದು, ಅವರು ಕಾಯುವುದು, ತನ್ನ ಮಾತು ಯಾರ ಮಾತಿಗೂ ಸಿಕ್ಕಿಕೊಳ್ಳದೆ ಕೊನೆ ಮುಟ್ಟುವುದು. ಅವಳು ಗುಂಡಿ ಒತ್ತಿದಳು.

"ಇದು ಅಭ್ಯಾಸ ಅಲ್ಲ. ಮನ್ಸೂರ್ ಅವರೇ, ಮುನಿಆಂಜಿನಪ್ಪನ ಸೊಂಟದಲ್ಲಿ ಛತ್ರದ ಟೆರೇಸಿನ ಬೀಗದ ಕೈ ಇದೆ. ತಕ್ಷಣ ತನ್ನಿ. ಅಲ್ಲಿ ಸಿಕ್ಕಿಹಾಕಿಕೊಂಡಿರೋದು ನನ್ನ ಗಂಡ ವಾಸು. ಸೆಟ್ಟು ನನ್ನದು. ಓವರ್."

ಉತ್ತರಿಸಿದ್ದು ಮನ್ಸೂರ್, ತೀರಾ ಮರ್ಯಾದೆಯಿಂದ: "ಸೂಪರ್ ಆಗಿದೆ ಮೇಡಂ. ಆದ್ರೆ ಮೂರ್ ಸಲ ಅಭ್ಯಾಸ ಅನ್ನೋದು ಬಿಟ್ರಿ. ಮಾರ್ಕ್ಸ್ ಕಟ್ ಆಗುತ್ತೆ. ಓವರ್."

"ಮನ್ಸೂರ್," ಎಂದಳು ಶಶಿರೇಖಾ. ಗಿರಣಿಯ ಬೆಲ್ಟ್ ತುಂಡಾದಾಗ ಬಿಟ್ಟರೆ ಅವಳು ಎಲ್ಲೂ ಬಳಸದ ದನಿ ಅದು. "ಬೈಕ್ ತಿರುಗ್ಸು."

ಬೈಕ್ ತಿರುಗಿತು.

ವಾಸುವನ್ನು ಇಳಿಸಿ ತಂದಾಗ ಅವನ ಮುಖ ಕೆಂಪಗಾಗಿತ್ತು. ನಾಗಲಕ್ಷ್ಮಿ ಒಂದು ಬಕೆಟ್ ನೀರು ತಂದಿಟ್ಟಳು. ಅವನು ಕಾಲಿಡಬೇಕೆನ್ನುವಷ್ಟರಲ್ಲಿ ಪಂಚಪ್ಪನವರು, "ತಡೀರಿ" ಅಂದರು. "ನಾನು ಅತಿಥಿ, ಇವತ್ತು ಡ್ಯೂಟಿ ಮೇಲಿಲ್ಲ. ಆದ್ರೂ ಒಂದ್ ಮಾತು. ಪ್ರಾಣಾಪಾಯ ಇದ್ರೆ ಲೈಸೆನ್ಸ್ ಇಲ್ಲದವರೂ ಕರೀಬಹುದು. ಅಪಾಯ ಇತ್ತಾ ಅನ್ನೋದಷ್ಟೇ ಪ್ರಶ್ನೆ. ಪಾದ ತೋರಿಸಿ."

ವಾಸು ವೇದಿಕೆಯ ಅಂಚಿನಲ್ಲಿ ಕೂತು ಎರಡೂ ಪಾದ ಮುಂದೆ ಚಾಚಿದ. ಹಿರಿಯರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿದರು. ಒಬ್ಬರು ಹಿಮ್ಮಡಿ ಮುಟ್ಟಿ ನೋಡಿದರು. ಬಲಗಾಲಿನಲ್ಲಿ ಬೊಬ್ಬೆ ಎದ್ದಿದೆ ಎಂದು ಒಮ್ಮತವಾಯಿತು. ಎಡಗಾಲಿನದು ಹಳೆಯ ಆಣಿ ಎಂದು ಬ್ಯಾಟರಾಯಪ್ಪನವರು ಆಕ್ಷೇಪ ಎತ್ತಿದರು.

"ಮೊದಲ್ನೇ ಸಲ ಕರ್ದಾಗ್ಲೇ ಸುಡ್ತಿತ್ತಾ?" ಎಂದರು ಪಂಚಪ್ಪನವರು.

ಹೌದೆಂದರೆ ಮುಗಿಯುತ್ತಿತ್ತು. ವಾಸು ಹೆಂಡತಿಯ ಮುಖ ನೋಡಿದ. "ಇಲ್ಲ ಸಾರ್. ಆಗ ಬರೀ ಬೇಜಾರಾಗಿತ್ತು. ಮಾತಾಡೋಕೆ ಯಾರೂ ಇರ್ಲಿಲ್ಲ."

"ಬೇಜಾರು ಪ್ರಾಣಾಪಾಯದಲ್ಲಿ ಬರಲ್ಲಪ್ಪ," ಎಂದರು ಪಂಚಪ್ಪನವರು, ನಿಜವಾಗಿಯೂ ವಿಷಾದದಿಂದ. "ಎರಡನೇ ಸಲದ್ದು ಸರಿ. ಮೊದಲ್ನೇದು ತಪ್ಪು."

ತಪ್ಪಾಗಿತ್ತು, ಮಾತಿನಂತೆ ಕುರ್ಚಿ ವಾಪಸ್ಸು ಹೋಗಬೇಕಿತ್ತು. ತಾವೇ ಕಿತ್ತುಕೊಂಡಂತಾಗಬಾರದು, ಕುರ್ಚಿ ಯಾರದೆಂದು ಸದಸ್ಯರೇ ಹೇಳಲಿ ಎಂದರು ಬ್ಯಾಟರಾಯಪ್ಪನವರು. ಆದರೆ ಸದಸ್ಯರಲ್ಲಿ ಅರ್ಧ ಜನ ಇನ್ನೂ ರಸ್ತೆಯಲ್ಲಿದ್ದರು. ಅಭಿಪ್ರಾಯ ಕೇಳಬೇಕಾದರೆ ನೆಟ್‌ನಲ್ಲೇ ಕೇಳಬೇಕು. ನೆಟ್‌ನಲ್ಲಿ ಕರೆಯುವ ಅಧಿಕಾರ ಕಂಟ್ರೋಲ್‌ಗೆ ಮಾತ್ರ. ಹಾಗಾಗಿ ತಾನು ಇರಬೇಕೋ ಹೋಗಬೇಕೋ ಎಂದು ಶಶಿರೇಖಾಳೇ ಎಲ್ಲರನ್ನೂ ಕೇಳಬೇಕಾಯಿತು.

"ಮೊದಲು ನನ್ನದೊಂದು ಮಾತು," ಎಂದಳು ಅವಳು. "ಆ ದನಿ ನನ್ನ ಗಂಡನದು ಅಂತ ಗೊತ್ತಿದ್ದೂ, ಕುರ್ಚಿ ಹೋಗುತ್ತೆ ಅನ್ನೋ ಭಯಕ್ಕೆ, ಅವರ ಕಾಲು ಸುಡ್ತಿದ್ರೂ ನಾನು ಇಷ್ಟು ಹೊತ್ತು ಸುಮ್ಮನೆ ಕೂತಿದ್ದೆ. ಓವರ್."

ಆ ವಾಕ್ಯದ ಮಧ್ಯೆ ಯಾರೂ ಬಾಯಿ ಹಾಕಲಿಲ್ಲ. ಆಮೇಲೆ ಅವಳು ಒಬ್ಬೊಬ್ಬರನ್ನೇ ಕರೆದಳು. ಕೆಂಪಾಪುರದವರು ಇರಲಿ ಅಂದರು. ಹೆಬ್ಬಾಳದವರು ಬೇಡ ಅಂದರು. "ಬೇಡ, ಬರ್ಕೊಂಡೆ, ಧನ್ಯವಾದ" ಎಂದಳು, ದನಿ ಬದಲಾಗಲಿಲ್ಲ. ದಾಸರಹಳ್ಳಿಯವರು ಮೊದಲು ಅಲ್ಲಿನ ಬಿಸಿಲು, ತಮ್ಮ ಹೊಸ ಬ್ಯಾಟರಿ, ಎಳನೀರಿನ ರುಚಿ ವಿವರಿಸಿ, ಪ್ರಶ್ನೆ ಏನೆಂದು ಮತ್ತೆ ಕೇಳಿ, ಇರಲಿ ಅಂದರು. ಮನ್ಸೂರ್ ಇರಲಿ ಅಂದ, ಮೂರು ಸಲ. ಹೆಚ್ಚಿನವರು ಇರಲಿ ಎಂದರೂ ಮೊದಲ ಸಾಲು ಉಳಿದಿತ್ತು. ಅಲ್ಲಿ ಬೇಡ ಎಂದರೆ ಅವಳೇ ಎದ್ದುಹೋಗುವವಳಿದ್ದಳು.

ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೂತಿದ್ದ ಬ್ಯಾಟರಾಯಪ್ಪನವರನ್ನೂ ಅವಳು ಕ್ರಮದಂತೆ ಕರೆದಳು. ಅವರೂ ಕ್ರಮದಂತೆ ಸೆಟ್ಟು ಬಾಯಿಗೆ ಹಿಡಿದರು. ಗಂಟಲು ಸರಿಮಾಡಿಕೊಂಡದ್ದು ಎರಡು ಕಡೆಯಿಂದ ಕೇಳಿತು.

"ನಾಳೆ ಬೆಳಿಗ್ಗೆ ನೆಟ್ ಎಷ್ಟೊತ್ತಿಗಮ್ಮ? ಓವರ್."

"ದಿನಾ ಸೇರೋ ಹೊತ್ತಿಗೇ ಸಾರ್. ಓವರ್."

"ಸರಿ. ನೀನು ಕರಿ, ಬರ್ತೀನಿ. ಓವರ್."

ಶಶಿರೇಖಾ ನೆಟ್ ಮುಗಿಸಿದಳು. ಸಿಂಹಾಸನದಿಂದ ಏಳಹೋದರೆ ಕಾಲೆರಡೂ ಜೋಮು ಹಿಡಿದಿದ್ದವು. ವಾಸು ಬಕೆಟ್ಟಿನಿಂದ ಕಾಲು ತೆಗೆದು ಬಂದು ಕೈ ಕೊಟ್ಟ. ಒಬ್ಬರಿಗೊಬ್ಬರು ಆತುಕೊಂಡು ಇಬ್ಬರೂ ಕುಂಟುತ್ತಾ ಊಟದ ಪಂಕ್ತಿಯ ಕಡೆ ನಡೆದರು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅವನು ಟ್ಯಾಂಕಿನ ನೆರಳು ಹೇಗೆ ಜರುಗಿತೆಂದು ಶುರು ಮಾಡಿದ. ಅವಳು ಕೇಳಿಸಿಕೊಂಡಳು, ಬಡಿಸುವವರು ಎಲೆ ಹಾಕಿ ಹೋಗುವವರೆಗೂ, ಹೋದ ಮೇಲೂ.